ಮುದುಕಪ್ಪ ಮಾಡಿದ ದಾಳಿಂಬೆಯ ಬಾಣಂತನ

ಹೇಳಿದ ಮಾತು ಕೇಳದ ಮಕ್ಕಳು ಎಲ್ಲರ ಮನೆಯಲ್ಲೂ ಇರುತ್ತಾರೆ. ಹಾಲವ್ವನ ಕಷ್ಟ ಬೇರೆ. ಅವಳ ಮಗ ಮುದುಕಪ್ಪ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಕುಷ್ಟಗಿ ಕಡೆಯ ಆ ಊರಿನ ತಾಯಂದಿರು ದೇವರಿಗೆ ದೀಪ ಹಚ್ಚುವಾಗ, "ಮಕ್ಕಳು ನಮ್ಮ ಮಾತು ಕೇಳಲಿ, ಆದರೆ ಹಾಲವ್ವನ ಮಗನಷ್ಟು ಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದರಂತೆ.

ಹಾಲವ್ವನ ಹಿತ್ತಲಲ್ಲಿ ಒಂದು ದಾಳಿಂಬೆ ಗಿಡವಿತ್ತು. ಅವಳು ಚೊಚ್ಚಲ ಕೂಸನ್ನು ಎತ್ತಿಕೊಂಡು ತವರಿನಿಂದ ಗಂಡನ ಮನೆಗೆ ಹೊರಟಾಗ ಅವಳ ಅವ್ವ ಕೊಟ್ಟು ಕಳಿಸಿದ್ದು. ಆ ಮನೆತನದ ರೂಢಿಯೇ ಹಾಗೆ: ಕೂಸಿನ ಜೊತೆ ಒಂದು ಸಸಿ. ಈಗ ಮಗಳು ಕಾಶವ್ವ ಹೆರಿಗೆಗೆ ಬಂದಿದ್ದಳು. ಗಿಡ ನೋಡಿದರೆ ಕಾಂಡಕ್ಕೆ ಹುಳ ಬಿದ್ದು ಒಂದೊಂದೇ ಟೊಂಗೆ ಒಣಗುತ್ತಿತ್ತು. ಮಗಳು ಹೊರಡುವುದರೊಳಗೆ ಒಂದು ಕಡ್ಡಿಯಾದರೂ ಬೇರು ಬಿಡದಿದ್ದರೆ ಅಜ್ಜಿ ಕಾಲದ ಆ ಸಿಹಿ ಅಲ್ಲಿಗೇ ಮುಗಿಯಿತು.

"ಬೀಜ ಹಾಕಿದ್ರ ಆಗಂಗಿಲ್ಲೇನಬೇ?" ಎಂದಳು ಕಾಶವ್ವ.

"ಕಡ್ಡಿ ನೆಟ್ರ ತಾಯಿ ಗುಣ ಬರ್ತೈತಿ. ಬೀಜ ಹಾಕಿದ್ರ ಏನ್ ಹುಟ್ಟತೈತೋ ಯಾರಿಗೆ ಗೊತ್ತವ್ವ," ಎಂದ ಹಾಲವ್ವ ಮಗನ ಕಡೆ ನೋಡಿದಳು.

ಮೊಣಕಾಲು ನೋವಿನಿಂದ ಅವಳಿಗೆ ಕುಕ್ಕುರಗಾಲಲ್ಲಿ ಕೂರಲಾಗುತ್ತಿರಲಿಲ್ಲ. ಕೆಲಸ ಮುದುಕಪ್ಪನಿಗೇ ಬಿತ್ತು. ಪೆನ್ಸಿಲ್ ದಪ್ಪದ ಕಡ್ಡಿ, ಗೇಣುದ್ದ, ಕೆಳತುದಿ ಓರೆ, ಮುಕ್ಕಾಲು ಮಣ್ಣಲ್ಲಿ, ಕಾಲು ಮೇಲೆ. ಹೇಳಿದಂತೆಯೇ ಹನ್ನೆರಡು ಕಡ್ಡಿ ನೆಟ್ಟ. ಹದಿನೈದು ದಿನಕ್ಕೆ ಚಿಗುರು ಕಂಡಿತು. ಮಗ ಹಿಗ್ಗಿದ.

"ಮ್ಯಾಲ ಬಂದದ್ದನ್ನ ನಂಬಬ್ಯಾಡೋ," ಎಂದಳು ಹಾಲವ್ವ. "ಕಡ್ಡ್ಯಾಗಿನ ರಸಕ್ಕ ಚಿಗುರ್ತೈತಿ. ಬೇರು ಬಂದ್ರ ಗಿಡ. ಬೇರು ಬಂದೈತೇನಂತ ನೋಡ್ಕೋಂತಿರು."

ಮುದುಕಪ್ಪ ನೋಡಿಕೊಂಡ. ದಿನಾ ಬೆಳಿಗ್ಗೆ ಹನ್ನೆರಡೂ ಕಡ್ಡಿ ಕಿತ್ತು, ಬುಡ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ನೆಟ್ಟ. ಎಂಟನೇ ದಿನ ನೋಡಲು ಏನೂ ಉಳಿದಿರಲಿಲ್ಲ.

"ಕಿತ್ತು ನೋಡಿದೇನೋ, ನನ್ನ ಹೊಟ್ಟ್ಯಾಗ ಹುಟ್ಟಿದವನ?"

"ಕೀಳದ, ಬೇರು ಹೆಂಗ ಕಾಣಬೇಕಬೇ?"

ಉತ್ತರವಿಲ್ಲದವರು ಉಪದೇಶ ಮಾಡುತ್ತಾರೆ. "ಒಮ್ಮಿ ಮಣ್ಣಾಗ ಇಟ್ಟದ್ದನ್ನ ಕೀಳಬ್ಯಾಡ. ಬಾಣಂತೀನ ನೋಡ್ಕೊಂಡಂಗ ನೋಡ್ಕೋ."

ಪಕ್ಕದ ಮನೆಯಲ್ಲಿ ಆಗಷ್ಟೇ ಬಾಣಂತನ ನಡೆದಿತ್ತು. ಮುದುಕಪ್ಪ ಗೋಡೆಯಾಚೆಯಿಂದ ಎಲ್ಲ ನೋಡಿ ಕಲಿತಿದ್ದ. ಎರಡನೇ ಸಲ ನೆಟ್ಟ ಹನ್ನೆರಡು ಕಡ್ಡಿಗೆ ಹಂಡೆಯ ಕುದಿನೀರು ಎರೆದ. ಲೋಬಾನದ ಹೊಗೆ ಹಾಕಿದ. ಸುತ್ತ ಕೆಂಡ ಇಟ್ಟ. ಒಂದೊಂದು ಕಡ್ಡಿಯ ತಲೆಗೂ ಗಾಳಿ ಹೋಗದಂತೆ ಅರಿವೆ ಕಟ್ಟಿದ. ಒಂದೊಂದರ ಮುಂದೂ ಬಾಣಂತಿಗೆ ತಿನ್ನಿಸುವ ಒಂದೊಂದು ಅಂಟಿನುಂಡಿ ಇಟ್ಟ. ಉಂಡಿಯಿಂದ ಇರುವೆಗಳಿಗೆ ಒಳ್ಳೆಯದಾಯಿತು. ಕಡ್ಡಿಗಳು ಬೆಂದವು.

"ಕಡ್ಡಿಗೆ ಯಾರಾದ್ರೂ ಬಿಸಿನೀರು ಎರೀತಾರೇನೋ?"

"ಬಾಣಂತಿಗೆ ತಣ್ಣೀರು ಎರೀತಾರೇನಬೇ?"

ಹಾಲವ್ವ ಹಣೆ ಬಡಿದುಕೊಂಡಳು. ಗಿಡದಲ್ಲಿ ಹಸಿರಾಗಿದ್ದ ಕಡ್ಡಿ ಇನ್ನು ನಾಲ್ಕೇ. "ನೆರಳಾಗ ನೆಡು. ಗಾಳಿ ಆಡಬೇಕು. ಮುಂಜಾನೆ ಸಂಜಿಗೆ ತಣ್ಣೀರು ಚಿಮುಕಿಸು. ಇನ್ನೇನೂ ಮಾಡಬ್ಯಾಡ."

ಬೇವಿನ ಮರದ ನೆರಳಿನಲ್ಲಿ ಆ ನಾಲ್ಕನ್ನೂ ಅವನು ಹೇಳಿದಂತೆಯೇ ನೋಡಿಕೊಂಡ. ಮೂರು ತಾವಾಗಿಯೇ ಸತ್ತವು, ಒಂದು ಬದುಕಿತು. ಅಷ್ಟರಲ್ಲಿ ಕಾಶವ್ವ ಹೆಣ್ಣು ಹೆತ್ತಳು. ಹೆರಿಗೆಯಾದ ಎಂಟನೇ ದಿನ ಹಾಲವ್ವ ಗಿರಣಿಗೆ ಹೊರಟು, "ನಾ ಬರೂತನಾ ಬಾಣಂತೀನ ನೋಡ್ಕೋ," ಎಂದಳು.

ಬಾಣಂತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಈಗ ಮುದುಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕೋಣೆಯ ಕಿಟಕಿ ಬಾಗಿಲು ತೆರೆದ. ಹಗ್ಗದ ಹೊರಸಿನ ಕೆಳಗಿನ ಕೆಂಡ ಹೊರಗೆ ಚೆಲ್ಲಿದ. ಕೊಡ ತಂದು ಮಲಗಿದ್ದ ತಂಗಿಯ ಮೇಲೆ ತಣ್ಣೀರು ಚಿಮುಕಿಸಿದ. ಕಾಶವ್ವ ಕಿರುಚಿದ್ದು ಗಿರಣಿಯ ಸದ್ದಿನಲ್ಲೂ ಹಾಲವ್ವನಿಗೆ ಕೇಳಿಸಿತು.

"ನನ್ನ ಕೊಲ್ಲಾಕ ಹೊಂಟಿಯೇನಣ್ಣಾ?"

"ಹನ್ನೆರಡಕ್ಕ ಬಿಸಿನೀರು ಹಾಕಿದ್ದೆ, ಒಂದೂ ಉಳೀಲಿಲ್ಲ ತಂಗಿ," ಎಂದ ಮುದುಕಪ್ಪ. ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಕಾಶವ್ವ ಮೂರು ದಿನ ಸೀನಿದಳು. ಹಾಲವ್ವ ಮೂರು ದಿನ ಬೈದಳು. ಕೊನೆಗೆ ಸೋತು ಹೇಳಿದಳು: "ನಿನ್ನ ಬುದ್ಧಿ ಓಡಿಸಬ್ಯಾಡಪಾ. ನನ್ನ ಬಾಯಿಂದ ಬಂದದ್ದಷ್ಟ ಮಾಡು."

ಐದು ತಿಂಗಳು ಕಳೆದವು. ಹಿತ್ತಲಿನ ಹಳೆಯ ಗಿಡ ಪೂರ್ತಿ ಒಣಗಿತು. ಬೇವಿನಡಿಯ ಸಸಿ ಮೊಣಕಾಲೆತ್ತರ ಬಂದಿತ್ತು. ಕಾಶವ್ವನನ್ನು ಕರೆದೊಯ್ಯಲು ಗಂಡ ಬಂದ. ಹೊರಡುವ ದಿನ ಹಾಲವ್ವ ಮಗನಿಗೆ ಹೇಳಿದಳು: "ಬೇರು ಬಿಟ್ಟದ್ದನ್ನ ಬರಿಗೈಲೆ ಕಿತ್ತು ಕಳಸಬಾರದು. ಮಣ್ಣು ಸಮೇತ ಆ ದೊಡ್ಡ ಎಣ್ಣಿ ಡಬ್ಬ್ಯಾಗ ಇಟ್ಟು, ಸುತ್ತ ಹಸಿ ಗೋಣಿತಾಟು ಕಟ್ಟು."

ಮುದುಕಪ್ಪ ಸಸಿಯನ್ನು ಹೇಳಿದಂತೆಯೇ ಡಬ್ಬಿಗೆ ಇಳಿಸಿದ. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಹಾಲವ್ವ ಮೊಮ್ಮಗಳನ್ನು ಮುದ್ದಾಡಿ ಮಗನ ಕೈಗೆ ಕೊಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈ ಕೂಸೂ ನಮ್ಮನ್ಯಾಗ ಬೇರು ಬಿಟ್ಟಿತ್ತು. ಹೆಂಗ ಕಿತ್ತು ಕಳಸಲಿ."

ಎಂದವಳೇ ಮಗಳು ಅಳಿಯನ ಹಿಂದೆ ಕುಂಟುತ್ತ ಬಸ್ಸಿನ ಕಡೆ ನಡೆದಳು. ಮುದುಕಪ್ಪ ಕೂಸನ್ನು ನೋಡಿದ. ಡಬ್ಬಿಯನ್ನು ನೋಡಿದ. ಮನೆಯಲ್ಲಿ ಇದ್ದದ್ದು ಒಂದೇ ಡಬ್ಬಿ.

ಬಸ್ಸು ಎರಡು ಸಲ ಹಾರ್ನ್ ಹೊಡೆದ ಮೇಲೆ ಅವನು ಡಬ್ಬಿ ಹೊತ್ತು ಬಂದ. ಅದರಲ್ಲಿ ಒಂದು ಕಡೆ ದಾಳಿಂಬೆ ಸಸಿ, ಇನ್ನೊಂದು ಕಡೆ ಸೊಂಟದವರೆಗೆ ಹಸಿ ಮಣ್ಣಿನಲ್ಲಿ ಕೂತ ಕೂಸು. ಬಿಸಿಲು ಬೀಳದಂತೆ ಇಬ್ಬರ ಮೇಲೂ ಬೇವಿನ ಸೊಪ್ಪು. ಕೂಸು ಸಸಿಯ ಎಲೆ ಹಿಡಿದುಕೊಂಡು ನಗುತ್ತಿತ್ತು.

"ಇದು ಲಗೇಜೋ, ಪ್ಯಾಸೆಂಜರೋ?" ಎಂದ ಕಂಡಕ್ಟರ್.

"ಬೇರು ಬಿಟ್ಟೈತ್ರಿ. ಅಲುಗಾಡಿಸಬ್ಯಾಡ್ರಿ," ಎಂದ ಮುದುಕಪ್ಪ.

ಕಾಶವ್ವ ಕೂಸನ್ನು ಎತ್ತಲು ಹೋದಳು. ಅದು ಊರೆಲ್ಲ ಕೇಳುವಂತೆ ಅತ್ತಿತು. ವಾಪಸ್ಸು ಇಟ್ಟಳು, ಸುಮ್ಮನಾಯಿತು. ಹೀಗಾಗಿ ಹಾಲವ್ವನ ಮೊಮ್ಮಗಳು ಮೊದಲ ಸಲ ಅಪ್ಪನ ಮನೆಗೆ ಹೋದದ್ದು ಎಣ್ಣೆ ಡಬ್ಬಿಯಲ್ಲಿ.

ತಿಂಗಳ ನಂತರ ಫೋನ್ ಬಂತು. ಸಸಿ ಹಿತ್ತಲಲ್ಲಿ ನೆಟ್ಟಾಗಿದೆ, ಚಿಗುರಿದೆ. ಕೂಸಿಗೆ ಎರಡು ಹಲ್ಲು ಬಂದಿವೆ. ರೊಟ್ಟಿ ಬಡಿಯುತ್ತಿದ್ದ ಹಾಲವ್ವ ಬಹಳ ದಿನಗಳ ಮೇಲೆ ನಕ್ಕಳು. ಮುದುಕಪ್ಪ ನಗಲಿಲ್ಲ.

"ಮ್ಯಾಲ ಬಂದದ್ದನ್ನ ನಂಬಬ್ಯಾಡ ಅಂದಿದ್ದೆಲ್ಲಬೇ."

"ಹೌದಪಾ, ಹೌದು," ಎಂದಳು ಹಾಲವ್ವ, ರೊಟ್ಟಿಯ ಧ್ಯಾನದಲ್ಲಿ.

ಮರುದಿನ ಬೆಳಿಗ್ಗೆ ಮಗ ಹಾಸಿಗೆಯಲ್ಲಿ ಇರಲಿಲ್ಲ. ಹಾಲವ್ವನಿಗೆ ನಿನ್ನೆಯ ಮಾತು ನೆನಪಾಯಿತು. ಇದ್ದ ಒಂದೇ ಸಸಿ. ಮಗಳಿಗೆ ಫೋನ್ ಹಚ್ಚಿದಳು.

"ಅಣ್ಣ ನಸುಕಿನ ಬಸ್ಸಿಗೇ ಬಂದಾನಬೇ," ಎಂದಳು ಕಾಶವ್ವ.

"ಸಸಿ ಕಿತ್ತಾನೇನ?"

"ಇಲ್ಲಬೇ. ಮಣ್ಣಾಗ ಇದ್ದದ್ದನ್ನ ಕೀಳಬಾರದಂತ ನೀನ ಹೇಳಿದ್ದೆಂತ. ಸಸಿ ಮುಟ್ಟಿಲ್ಲ."

ಹಾಲವ್ವ ಉಸಿರು ಬಿಟ್ಟಳು. "ಮತ್ತೇನ್ ಮಾಡಾಕತ್ತಾನ?"

"ಕೂಸಿನ ಕಾಲು ಬೆಳಕಿಗೆ ಹಿಡಿದು ಅಂಗಾಲು ನೋಡಾಕತ್ತಾನ. ಬೇರು ಇನ್ನೂ ಬಂದಿಲ್ಲಂತ."