ಮರಕುಟಿಗನ ತೂತಿನ ಎಣಿಕೆ

ಮಕ್ಕಳೇ, ಬಿದಿರುಗುಡ್ಡದ ಕಾಡಿನಲ್ಲಿ ಏನೇ ಹುಡುಕಬೇಕಾದರೂ ಪ್ರಾಣಿಗಳು ಹೋಗುತ್ತಿದ್ದದ್ದು ಕುಟ್ಟಣ್ಣ ಎಂಬ ಮರಕುಟಿಗನ ಹತ್ತಿರ.

ಅವನ ಏರ್ಪಾಡು ಸರಳ. ನೀರಿಗೆ ಒಂದು ಮರ, ಹಣ್ಣಿಗೆ ಒಂದು ಮರ, ಕೋಳಿಗೆ ಒಂದು ಮರ. ಯಾರಾದರೂ ತಮ್ಮ ಜಾಗವನ್ನು ವರ್ಣಿಸುವಾಗ ‘ನೀರು’ ಎಂದು ಎಷ್ಟು ಸಲ ಹೇಳಿದರೋ, ನೀರಿನ ಮರದಲ್ಲಿ ಆ ಜಾಗದ ಸಾಲಿಗೆ ಅಷ್ಟು ತೂತು. ನೀರು ಕೇಳಿಕೊಂಡು ಬಂದವರಿಗಾಗಿ ಕಾಡೆಲ್ಲ ಅಲೆಯಬೇಕಿಲ್ಲ. ಆ ಒಂದು ಮರ ನೋಡಿ, ಹೆಚ್ಚು ತೂತಿನ ಜಾಗ ಹೇಳಿದರಾಯಿತು.

“ನನ್ನ ಎಣಿಕೆ ತಪ್ಪಿದ್ದು ಯಾವತ್ತು?” ಎಂದು ಕುಟ್ಟಣ್ಣ ಕೊಕ್ಕೆತ್ತಿ ಬೀಗುತ್ತಿದ್ದ.

ಕಡುಬೇಸಿಗೆಯಲ್ಲಿ ನರಿ ಬಂತು. “ಕುಟ್ಟಣ್ಣ, ನನ್ನ ಗುಹೆಯನ್ನೂ ಸೇರಿಸಿಕೋ. ನೀರು, ನೀರು, ತಂಪು ನೀರು, ಸಿಹಿ ನೀರು, ನೀರೋ ನೀರು...”

ಕುಟ್ಟಣ್ಣ ಕತ್ತು ನೋಯುವ ತನಕ ಕುಟ್ಟಿದ. ನಲವತ್ತು ತೂತು! ಬಂಡೆ ಬುಡದ ಹೊಂಡಕ್ಕೆ ಇದ್ದದ್ದು ಮೂರೇ. ಅಲ್ಲಿನ ಆಮೆಗೆ ಮಾತು ಕಡಿಮೆ.

ಮರುದಿನ ಮೊಲದಮ್ಮ ಎರಡು ಮರಿಗಳೊಂದಿಗೆ ಬಂದಳು. “ಮರಿಗಳ ನಾಲಿಗೆ ಒಣಗಿದೆ, ಕುಟ್ಟಣ್ಣ. ನೀರೆಲ್ಲಿದೆ?”

“ನರಿಯ ಗುಹೆಯಲ್ಲಿ. ನಲವತ್ತು ತೂತು!”

“ಅಯ್ಯೋ, ನರಿಯ ಮನೆಗೆ ನಾವೇ?”

“ನನ್ನ ಎಣಿಕೆಗಿಂತ ನಿನ್ನ ಹೆದರಿಕೆ ದೊಡ್ಡದೋ?”

ಬಾಯಾರಿಕೆ ಗೆದ್ದಿತು. ಹೋದವರು ಸ್ವಲ್ಪ ಹೊತ್ತಿಗೇ ಏದುಸಿರು ಬಿಡುತ್ತ ಓಡಿಬಂದರು. ಮೊಲದಮ್ಮನ ಬಾಲದ ತುದಿ ಇರಲಿಲ್ಲ.

“ನೀರಿದ್ದದ್ದು ನಿಜ, ನರಿಯ ಬಾಯಲ್ಲಿ! ಮರಿಗಳನ್ನು ಕಂಡು ಸುರಿಯುತ್ತಿತ್ತು!”

ಕುಟ್ಟಣ್ಣನ ಕೊಕ್ಕು ಕೆಳಗಾಯಿತು. ತಾನೇ ಮುಂದೆ ಹಾರಿ ಅವರನ್ನು ಆಮೆಯ ಹೊಂಡಕ್ಕೆ ಕರೆದೊಯ್ದ. ಅಲ್ಲಿ ಜಿಂಕೆ, ನವಿಲು, ಕಾಡುಹಂದಿ ಎಲ್ಲ ನೆರೆದಿದ್ದವು. ಮರಿಗಳು ಹೊಟ್ಟೆ ಉಬ್ಬುವಷ್ಟು ಕುಡಿದವು. ‘ಇವರಲ್ಲಿ ಒಬ್ಬರನ್ನಾದರೂ ಕೇಳಬಾರದಿತ್ತೇ ನಾನು!’ ಎಂದುಕೊಂಡ ಕುಟ್ಟಣ್ಣ.

ಅಂದಿನಿಂದ ಹೊಸ ನಿಯಮ. ಯಾರಾದರೂ ತಮ್ಮ ಜಾಗವನ್ನು ತಾವೇ ಎಷ್ಟು ಹೊಗಳಿಕೊಂಡರೂ ಒಂದೇ ತೂತು. ಹೋಗಿ ಬಂದವರು ಹೇಳಿದರೆ, ತಲೆಗೊಂದರಂತೆ ಇನ್ನಷ್ಟು.

ನರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಹಸಿದು ಬಂದು ಕೇಳಿತು: “ಕೋಳಿ ಎಲ್ಲಿ ಸಿಗುತ್ತೆ?”

ಕುಟ್ಟಣ್ಣ ಗಂಭೀರವಾಗಿ ಹೇಳಿದ: “ಹುತ್ತದ ಪಕ್ಕದ ಬಿಲದವನು ಬೆಳಿಗ್ಗೆಯಷ್ಟೇ ‘ಕೋಳಿ’ ಅಂತ ಅರವತ್ತು ಸಲ ಹೇಳಿಹೋದ.”

“ಅರವತ್ತಾ!” ಬಿಲದವನು ಯಾರೆಂದು ಕೇಳುವಷ್ಟೂ ನರಿಗೆ ವ್ಯವಧಾನವಿರಲಿಲ್ಲ. ಓಡಿಹೋಗಿ ಬಿಲದೊಳಗೆ ಮೂತಿ ತೂರಿಸಿತು.

ಒಳಗಿದ್ದದ್ದು ಕುಟ್ಟಣ್ಣನ ಗೆಳೆಯ ಮುಳ್ಳುಹಂದಿ.

ನರಿ ಮೂತಿ ತುಂಬ ಮುಳ್ಳು ಹೊತ್ತು ಮರಳಿತು. “ಮೋಸ! ಅಲ್ಲಿ ಒಂದು ಪುಕ್ಕವೂ ಇಲ್ಲ!”

“ಹೌದೇ? ಹೋಗಿ ಬಂದವನ ಮಾತಿಗೆ ನನ್ನಲ್ಲಿ ಈಗ ಬಹಳ ಬೆಲೆ,” ಎಂದ ಕುಟ್ಟಣ್ಣ. “ಎಷ್ಟು ಮುಳ್ಳು ಅಂತ ಎಣಿಸಿ ಹೇಳು. ಮುಳ್ಳಿನ ಮರದಲ್ಲಿ ಕುಟ್ಟಿಕೊಳ್ಳುತ್ತೇನೆ.”

ನೀತಿ: ತನ್ನ ಬಗ್ಗೆ ತಾನೇ ನೂರು ಸಲ ಹೇಳಿಕೊಂಡವನ ಮಾತಿಗಿಂತ, ಹೋಗಿ ನೋಡಿ ಬಂದವರ ಒಂದು ಮಾತನ್ನು ನಂಬಬೇಕು.