ಭಂಗಿ ಹೂವಿಗೆ ಅಂಟು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಗಾಳಿಗೆ ಮಾತು ಬರುತ್ತಿತ್ತು, ಗಿಡಗಳಿಗೂ ಬರುತ್ತಿತ್ತು. ಆಗ ಭಂಗಿ ಗಿಡದ ಹೂವಿಗೆ ಅಂಟಿರಲಿಲ್ಲ. ಗಂಡು ಗಿಡ ಹೂಧೂಳು ಉದುರಿಸುತ್ತಿತ್ತು, ಗಾಳಿ ಹೊತ್ತು ತರುತ್ತಿತ್ತು, ಹೆಣ್ಣು ಗಿಡ ಬೀಜ ಕಟ್ಟಿ ನೆಮ್ಮದಿಯಾಗಿ ಒಣಗುತ್ತಿತ್ತು.

ಬೆಟ್ಟದ ಬುಡದಲ್ಲಿ ಜವರಯ್ಯ ಅಂತ ಒಬ್ಬನಿದ್ದ. ಅವನಿಗೆ ಕೆಂಪಿ ಒಬ್ಬಳೇ ಮಗಳು. ತಾಯಿಯಿಲ್ಲದ ಮಗು. ಅವಳಿಗೆ ಮೂಳೆನೋವು.

"ಅಪ್ಪಾ, ಒಳಗೆ ಯಾರೋ ಕೊರೀತಾವ್ರೆ ಕಣಪ್ಪಾ" ಅಂತ ಅಳುತ್ತಿದ್ದಳು. ನಿದ್ದೆಯೇ ಇಲ್ಲ.

ಹಿಮದ ಬೆಟ್ಟದ ಕುಳ್ಳ ಭಂಗಿ ನಿದ್ದೆ ತರುತ್ತಿತ್ತು, ಆದರೆ ಮಗು ಮಂಕಾಗುತ್ತಿತ್ತು. ಬಿಸಿಲುಸೀಮೆಯ ಉದ್ದ ಭಂಗಿ ನೋವು ಮರೆಸುತ್ತಿತ್ತು, ಆದರೆ ಮಗುವಿನ ಎದೆ ಡವಡವ ಅನ್ನುತ್ತಿತ್ತು. ಜವರಯ್ಯ ಎರಡನ್ನೂ ತಂದು ಅಕ್ಕಪಕ್ಕ ಬೆಳೆಸಿದ. ಅವಕ್ಕೆ ಹುಟ್ಟಿದ ಸಸಿಗಳಲ್ಲಿ ಒಂದು ಹೆಣ್ಣು ಗಿಡ ಮಾತ್ರ ಬೇರೆಯಾಗಿತ್ತು. ಅದರ ಕಷಾಯ ಕುಡಿದು ಕೆಂಪಿ ಮಲಗಿದಳು. ಎದ್ದು ನಕ್ಕಳು.

ಜವರಯ್ಯ ಆಸೆಯಿಂದ ಅದರ ಬೀಜ ಬಿತ್ತಿದ. ಒಂದು ಸಸಿ ಕುಳ್ಳಾಯಿತು, ಒಂದು ಉದ್ದವಾಯಿತು. ತಾಯಿಯಂಥದ್ದು ಒಂದೂ ಹುಟ್ಟಲಿಲ್ಲ. ಆ ತಾಯಿಯೂ ಬೀಜ ಕಟ್ಟಿದ ಮೇಲೆ ಒಣಗತೊಡಗಿತು.

ಅವನು ಹೆದರಿ, ಹಸಿರು ಉಳಿದಿದ್ದ ಒಂದೇ ಒಂದು ರೆಂಬೆ ಕಡಿದು ನೆಟ್ಟ. ಅದು ಚಿಗುರಿತು. ಇನ್ನು ಬೀಜ ಕಟ್ಟಲೇಬಾರದೆಂದು ಬೆಟ್ಟದ ಈಚೆಯ ಗಂಡು ಗಿಡಗಳನ್ನೆಲ್ಲ ಕಿತ್ತ. ಆಚೆಗೂ ಹೋಗಿ ಕಿತ್ತ.

"ಜವರಯ್ಯಾ, ಒಂದು ಬೀಜ ಕಟ್ಟಿ ಹೋಗ್ತೀನಿ, ಬಿಡು" ಅಂದಿತು ಗಿಡ.

"ನೀನು ಹೋದ್ರೆ ನನ್ನ ಮಗಳು ಮಲಗೋದು ಹೆಂಗವ್ವಾ?"

ಅವನು ಮತ್ತೆ ರೆಂಬೆ ಕಡಿದ, ಮತ್ತೆ ನೆಟ್ಟ. ಹೊಲದ ತುಂಬ ಅದೇ ಗಿಡ. ಆ ಗಿಡಕ್ಕೆ ಮಗಳೂ ಇಲ್ಲ, ಸಾವೂ ಇಲ್ಲ.

ಕಷಾಯ ನೋವನ್ನು ಮರೆಸಿತು, ರೋಗವನ್ನು ಕಳೆಯಲಿಲ್ಲ. ಒಂದು ಚಳಿಗಾಲ ಕೆಂಪಿ ಅಪ್ಪನ ತೊಡೆಯ ಮೇಲೆ ಮಲಗಿದವಳು ಏಳಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಜವರಯ್ಯ ಹೊಲದಲ್ಲಿ ಕುಸಿದು ಕೂತ. "ಅವ್ವಾ, ನಿನ್ನನ್ನ ಬಿಟ್ಟೆ. ಬೀಜ ಕಟ್ಕೊ" ಅಂದ. ಎದ್ದು ನಿಂತು ಗಾಳಿಯನ್ನು ಕೂಗಿದ. "ಗಾಳಿಯಪ್ಪಾ, ಒಂದು ಹಿಡಿ ಹೂಧೂಳು ತಂದುಕೊಡು."

ಗಾಳಿ ಬೆಟ್ಟದ ಈಚೆ ಹುಡುಕಿತು, ಆಚೆ ಹುಡುಕಿತು. ಬರಿಗೈಲಿ ಬಂತು. "ಎಲ್ಲಿಂದ ತರಲಿ ಜವರಯ್ಯಾ? ನೀನು ಒಂದನ್ನೂ ಉಳಿಸಿಲ್ಲ."

ಆ ಮಾತು ಕೇಳಿದ ಹೆಣ್ಣು ಗಿಡಗಳು, ಎಲ್ಲಿಂದಲಾದರೂ ಒಂದು ಕಣ ಹಾರಿಬಂದರೆ ಜಾರಿಹೋಗದಿರಲಿ ಎಂದು ಹೂವಿಗೆಲ್ಲ ಅಂಟು ಬಳಿದುಕೊಂಡವು. ಬಳಿದುಕೊಂಡು ಕಾದವು. ಏನೂ ಬರಲಿಲ್ಲ. ಇನ್ನಷ್ಟು ಬಳಿದುಕೊಂಡವು.

ಅದಕ್ಕೇ ಕಂದಾ, ಒಂಟಿಯಾಗಿ ಬೆಳೆದ ಹೆಣ್ಣು ಭಂಗಿಯ ಹೂವು ಇವತ್ತಿಗೂ ಮುಟ್ಟಿದವರ ಬೆರಳಿಗೆ ಅಂಟಿಕೊಳ್ಳುತ್ತದೆ. ಬಿಡಿಸಿ ನೋಡಿದರೆ ಒಳಗೆ ಒಂದು ಬೀಜವೂ ಇರುವುದಿಲ್ಲ.