ನುಸುಳಿದ ನರಿ, ಮೋಡ ಮುಟ್ಟುವ ಜಿಂಕೆ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಒಂದೇ ಒಂದು ಕೆರೆಯಲ್ಲಿ ನೀರು ಉಳಿಯುತ್ತಿತ್ತು. ಆನೆಗಳು ಇಳಿದು ರಾಡಿ ಮಾಡುವ ಮೊದಲು ತಿಳಿನೀರು ಯಾರು ಕುಡಿಯಬೇಕು? ಆ ಜಗಳ ಮುಗಿಯುತ್ತಲೇ ಇರಲಿಲ್ಲ. ಸಾಕಾಗಿಹೋಗಿ ಪ್ರಾಣಿಗಳು ಒಂದು ಸ್ಪರ್ಧೆ ಇಟ್ಟವು. ಅಡೆತಡೆ ಓಟ, ಉದ್ದಜಿಗಿತ, ಎತ್ತರಜಿಗಿತ. ಮೂರರ ಅಂಕ ಕೂಡಿಸಿದಾಗ ಯಾರದು ಹೆಚ್ಚೋ ಅವರ ಮನೆಯವರಿಗೆ ಮೊದಲ ನೀರು.

ಚಿತ್ತಾರಿ ಎಂಬ ಜಿಂಕೆ ಈ ಸಲ ಗೆಲ್ಲಲೇಬೇಕಿತ್ತು. ಹಿಂದಿನ ಬೇಸಿಗೆಯಲ್ಲಿ ರಾಡಿನೀರು ಕುಡಿದು ಅವಳ ತಂಗಿ ಸತ್ತು ಬದುಕಿದ್ದಳು. ಚಿತ್ತಾರಿಗೆ ಕಲಿಸಲು ಒಪ್ಪಿದವನು ಮುದಿಕೋತಿ ಮುಸುವಜ್ಜ. ಪಾಪ, ಒಪ್ಪಿದ ದಿನವೇ ಅವನ ನೆಮ್ಮದಿ ಹಾಳಾಯಿತು. ಅವಳು ಪ್ರತಿಯೊಂದು ಬಿದಿರ ತಡೆಯನ್ನೂ ಮರದ ಕೊಂಬೆಗೆ ತಾಗುವಷ್ಟು ಎತ್ತರ ಹಾರುತ್ತಿದ್ದಳು. ಮೊಲಗಳು ಚಪ್ಪಾಳೆ ತಟ್ಟುತ್ತಿದ್ದವು. ಅಜ್ಜ ತಲೆ ಚಚ್ಚಿಕೊಳ್ಳುತ್ತಿದ್ದ.

"ತಡೆ ದಾಟು ಅಂದರೆ ಮೋಡ ಯಾಕೆ ಮುಟ್ಟುತ್ತೀಯೇ? ನೀನು ಮೇಲಿರುವಷ್ಟು ಹೊತ್ತು ಓಟ ನಿಂತಿರುತ್ತದೆ! ಮುಂಗಾಲು ಚಾಚು, ಮೈ ಬಾಗಿಸು, ಬಿದಿರನ್ನು ಸವರಿದ ಹಾಗೆ ದಾಟಿ ಓಡು!"

"ಆದರೆ ಅಜ್ಜ, ಎತ್ತರ ಹಾರಿದರೆ ಚೆಂದ ಕಾಣುತ್ತೆ ಅಲ್ವಾ?"

"ನಿನ್ನ ಚೆಂದ ಕಟ್ಟಿಕೊಂಡು ರಾಡಿನೀರು ಕುಡಿ, ಹೋಗು!"

ಪೊದೆಯ ಹಿಂದೆ ಕೂತಿದ್ದ ನರಿಗೆ ಇದನ್ನೆಲ್ಲ ಕಂಡು ನಗು ಬಂತು. "ಬಿದಿರು ಬೀಳಬಾರದು, ಅಷ್ಟೇ ನಿಯಮ. ಮೇಲಿನಿಂದಲೇ ಹೋಗಬೇಕು ಅಂತ ಯಾರು ಹೇಳಿದ್ದು?" ಎಂದುಕೊಂಡ. ಅಂದಿನಿಂದ ದಿನವೂ ಬೆನ್ನು ತಗ್ಗಿಸಿ ಬಿದಿರಿನ ಕೆಳಗೆ ನುಸುಳಿ ಓಡುವುದನ್ನೇ ಅಭ್ಯಾಸ ಮಾಡಿದ. ಬೇರೇನನ್ನೂ ಮಾಡಲಿಲ್ಲ.

ಸ್ಪರ್ಧೆಯ ದಿನ ನರಿ ಎಲ್ಲ ತಡೆಗಳ ಕೆಳಗೂ ಸರಸರನೆ ನುಸುಳಿ ಮೊದಲು ಬಂದ. ಚಿತ್ತಾರಿ ಮತ್ತದೇ ಹಳೇ ಚಾಳಿಯಲ್ಲಿ ಎರಡು ತಡೆ ಹಾರಿದಳು. "ಅಯ್ಯೋ, ಕೆಳಗೆ ಬಾರೇ!" ಎಂಬ ಅಜ್ಜನ ಕಿರುಚಾಟ ಕಿವಿಗೆ ಬಿದ್ದ ಮೇಲೆ ಮಿಕ್ಕವನ್ನು ಸವರಿ ದಾಟಿದಳು. ನರಿಯ ಬೆನ್ನಿಗೇ ಬಂದು ಗುರಿ ಮುಟ್ಟಿದಳು.

"ಇದು ಮೋಸ!" ಎಂದು ಅಜ್ಜ ಕೂಗಾಡಿದ.

ತೀರ್ಪು ಕೊಡಲು ಕೂತಿದ್ದ ಕರಡಿಯಪ್ಪ ಮೈ ಕೆರೆದುಕೊಂಡ. "ನುಸುಳಬಾರದು ಅಂತ ನಾವು ಹೇಳಿರಲಿಲ್ಲವಲ್ಲ ಮುಸುವಜ್ಜ, ನಾನೇನು ಮಾಡಲಿ?"

ಉದ್ದಜಿಗಿತದಲ್ಲಿ ಚಿತ್ತಾರಿ ಗೆದ್ದಳು. ಆದರೂ ಓಟಕ್ಕೆ ಅಂಕ ಹೆಚ್ಚಿದ್ದುದರಿಂದ ಒಟ್ಟಿನಲ್ಲಿ ನರಿಯೇ ಮುಂದಿದ್ದ. ಎತ್ತರಜಿಗಿತದಲ್ಲಿ ಎಲ್ಲಕ್ಕಿಂತ ಕೆಳಗಿನ ಬಿದಿರು ಹಾರಿದರೂ ಸಾಕು, ಗೆಲುವು ಅವನದೇ. "ಇಲ್ಲಿ ಮಾತ್ರ ಮೇಲಿನಿಂದಲೇ ಹಾರಬೇಕು, ಮೂರು ಅವಕಾಶ," ಎಂದ ಕರಡಿಯಪ್ಪ.

"ಅದೇನು ಮಹಾ!" ಎನ್ನುತ್ತ ನರಿ ಓಡಿಬಂದ. ಬಿದಿರು ಕಣ್ಣಿಗೆ ಬಿದ್ದದ್ದೇ ತಡ, ಬೆನ್ನು ತಾನಾಗಿ ಬಗ್ಗಿತು. ಸರ್ರನೆ ಕೆಳಗೆ ನುಸುಳಿಬಿಟ್ಟ! ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹಲ್ಲು ಕಚ್ಚಿಕೊಂಡು ಬಂದವನು ಮತ್ತೆ ಕೆಳಗಿನಿಂದಲೇ ನುಸುಳಿ ಆಚೆ ಬದಿಯಲ್ಲಿ ಬೋರಲಾಗಿ ಬಿದ್ದಿದ್ದ. ಬಿದಿರು ಅಲುಗಾಡದೆ ಅಲ್ಲೇ ಇತ್ತು. ಮೊಲಗಳು ಬಿದ್ದು ಬಿದ್ದು ನಕ್ಕವು.

ಈಗ ಚಿತ್ತಾರಿಯ ಸರದಿ. ಅವಳು ಹೆದರುತ್ತಲೇ ತಿರುಗಿ ನೋಡಿದಳು. "ಅಜ್ಜ, ಈಗಲಾದರೂ ಎತ್ತರ ಹಾರಲಾ?"

"ಹಾರೇ ಮಾರಾಯ್ತಿ, ಹಾರು! ಅದನ್ನು ಇಲ್ಲಿಗೆ ಉಳಿಸಿಕೋ ಅಂತಲೇ ಇಷ್ಟು ದಿನ ಗಂಟಲು ಹರಿದುಕೊಂಡಿದ್ದು!"

ಅವಳು ಹಾರಿದಳು. ಮರುದಿನ ಬೆಳಗ್ಗೆ ಅವಳ ತಂಗಿ ಕೆರೆಯ ತಿಳಿನೀರನ್ನು ಎಲ್ಲರಿಗಿಂತ ಮೊದಲು ಹೊಟ್ಟೆತುಂಬ ಕುಡಿದಳು.

ನೀತಿ: ಅಡ್ಡಿಯ ಕೆಳಗೆ ನುಸುಳುವುದನ್ನೇ ರೂಢಿ ಮಾಡಿಕೊಂಡವನಿಗೆ, ಹಾರಲೇಬೇಕಾದ ದಿನ ಹಾರಲು ಬರುವುದಿಲ್ಲ.